ಬಿಟ್ಟ ಜಾಗ

ಕುಮಟೆಯಲ್ಲಿ ಭಟ್ಕಳದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತ ಮೇಲೆ ಗುರುದತ್ತನಿಗೆ ನಿನ್ನೆ ಸಂಜೆ ತಾನು ಕಂಪ್ಯೂಟರ್ ಬಳಗಕ್ಕೆ ಬರೆದ ಇ-ಮೇಲಿನ ಕೊನೆಯ ಸಾಲುಗಳು ಮತ್ತೆ ನೆನಪಿಗೆ ಬಂದವು. ಸಾಲುಗಳು ಚೆನ್ನಾಗಿದ್ದವು. ಚೆನ್ನಾಗಿದ್ದವು ಎಂಬುದೇ ಈಗ ತೊಂದರೆಯಾಗಿತ್ತು. 'ತೆರೆದದ್ದನ್ನು ಮುಚ್ಚಬೇಕೆಂಬ ಶಿಸ್ತು ಇಲ್ಲದವರಿಗೆ ಪೈಥಾನ್ ಹೇಳಿ ಮಾಡಿಸಿದ ಕಂಪ್ಯೂಟರ್ ಭಾಷೆ. ನಮ್ಮ ಭಟ್ಕಳದ ಗೆಳೆಯರನ್ನೇ ನೋಡಿ. ಇಂಜಿನಿಯರಿಂಗ್ ಶುರು ಮಾಡಿದರು, ಮುಗಿಸಲಿಲ್ಲ. ಮದುವೆಯನ್ನಂತೂ ಶುರುವೇ ಮಾಡಲಿಲ್ಲ.' ಇಂಗ್ಲಿಷಿನಲ್ಲಿ ಇದು ಇನ್ನೂ ಚುರುಕಾಗಿತ್ತು. ಬರೆದು, ಎದ್ದು ಹೋಗಿ ನೀರು ಕುಡಿದು ಬಂದು, ಮತ್ತೊಮ್ಮೆ ಓದಿ, ಒಂದು ಶಬ್ದ ಬದಲಿಸಿ ಕಳಿಸಿದ್ದ. ಸಿಟ್ಟಿನ ಭರದಲ್ಲಿ ಬರೆದುಬಿಟ್ಟೆ ಎಂದು ಹೇಳಿಕೊಳ್ಳುವ ದಾರಿಯನ್ನು ಆ ಒಂದು ಲೋಟ ನೀರು ಕಟ್ಟಿಹಾಕಿತ್ತು. ಭಟ್ಕಳದ ಗೆಳೆಯ ಅಂದರೆ ಜಾಲಿಯ ರಮಾನಂದ. ಬಸ್ಸು ಈಗ ಹೊರಟದ್ದು ಅವನ ಊರಿಗೇ. ಗುರುದತ್ತನ ಅಂಗಿಯ ಜೇಬಿನಲ್ಲಿ ತಂಗಿ ಮಾಲತಿಯ ಫೋಟೋ ಇತ್ತು. ಅದನ್ನು ರಮಾನಂದನ ಮನೆಯಲ್ಲಿ ತೋರಿಸಿ, ಮದುವೆಯ ಮಾತಾಡಿ ಬರಬೇಕಾಗಿತ್ತು.

ಸಂಬಂಧದ ಸುದ್ದಿ ಅವನಿಗೆ ತಿಳಿದದ್ದು ಮೇಲ್ ಹೋದ ಮೇಲೆ. ಫೋನಿನ ತಂತಿ ಬಂದು ಮುಗಿಯುವುದು ಮಾಲತಿಯ ಕೋಣೆಯಲ್ಲಾದ್ದರಿಂದ ಕಂಪ್ಯೂಟರನ್ನೂ ಅಲ್ಲೇ ಇಟ್ಟಿದ್ದರು. ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ಜನರ ಬೆರಳು ಚುಚ್ಚಿ ರಕ್ತ ತೆಗೆದು ಮನೆಗೆ ಬರುವ ಅವಳು, ಅಣ್ಣ ಒಳಗೆ ಕೂತಿದ್ದರೆ ಸೀರೆ ಬದಲಿಸಲು ಅಡುಗೆಮನೆಗೆ ಹೋಗುತ್ತಿದ್ದಳು. ಅವನು ಕೋಣೆಯಿಂದ ಹೊರಗೆ ಬಂದಾಗ ಆಯಿ ಹೊನ್ನಮ್ಮ ಅಕ್ಕಿ ಆರಿಸುತ್ತ, "ಗುರು, ನಾಳೆ ಲಿಂಗಪ್ಪಮಾವನ ಸಂಗಡ ಜಾಲಿಗೆ ಹೋಗಿ ಬಾ. ಜಾತಕ ಕೂಡಿ ಬಂತು. ಹುಡುಗ ಐಸ್ ಫ್ಯಾಕ್ಟರಿಯಲ್ಲಿ ಲೆಕ್ಕ ಬರೀತ. ಕಂಪ್ಯೂಟರೂ ಗೊತ್ತದೆಯಂತೆ. ರಮಾನಂದ ಹೇಳಿ ಹೆಸರು. ನಿಂಗೆ ಗುರ್ತ ಇರ್ಬೇಕು," ಅಂದಳು. "ಗುರ್ತ ಅದೆ," ಅಂದ. "ಹ್ಯಾಂಗಿದ್ದ ಮನುಷ್ಯ?" ಗುರುದತ್ತ ಸ್ವಲ್ಪ ಯೋಚಿಸಿ, "ಒಳ್ಳೆಯವ," ಅಂದ. ಅದು ನಿಜವಾಗಿತ್ತು. ಐದು ನಿಮಿಷ ಮೊದಲು ಬರೆದದ್ದೂ ನಿಜವಾಗಿತ್ತು. ಅಡುಗೆಮನೆಯ ಬಾಗಿಲಲ್ಲಿ ಮಾಲತಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ. ಅವಳಿಗೆ ಮೂವತ್ತೊಂದು. ತಂಗಿಯದು ಆಗಲಿ ಎಂದು ಗುರುದತ್ತನ ಮದುವೆಯೂ ಹಾಗೇ ಉಳಿದು ಅವನಿಗೆ ಮೂವತ್ತೆಂಟಾಗಿತ್ತು. ಆದರೆ ಕಾರಣವಿದ್ದು ಆಗದೆ ಉಳಿದದ್ದನ್ನು ಅವನು ಶುರು ಮಾಡದೆ ಇದ್ದದ್ದರ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮಾದನಗೇರಿಯ ಕಡೆಯಿಂದ ಬಂದ ಬುಟ್ಟಿಗಳನ್ನು ಕಂಡಕ್ಟರ್ ಹಿಂದಕ್ಕೆ ತಳ್ಳುತ್ತಿದ್ದ. ಹೊನ್ನಾವರದ ಒಂದು ಝೆರಾಕ್ಸ್ ಅಂಗಡಿಯ ಮಾಳಿಗೆಯಲ್ಲಿ ತಿಂಗಳಿಗೊಮ್ಮೆ ಭಾನುವಾರ ಸೇರುವ ಬಳಗಕ್ಕೆ ಗುರುದತ್ತ ಇದೇ ಬಸ್ಸಿನಲ್ಲಿ ಹೋಗುವುದು. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಅವನು, ಒಬ್ಬ ಕಾಲೇಜು ಲೆಕ್ಚರರ್, ಮೊಬೈಲ್ ರಿಪೇರಿಯವರು, ಕೆಲಸ ಹುಡುಕುತ್ತಿರುವ ಹುಡುಗರು. ಶುರುವಿನಲ್ಲಿ ಒಬ್ಬರಿಗೊಬ್ಬರು ಸಿ.ಡಿ. ಕೊಡುತ್ತ, ಕೆಟ್ಟ ಕಂಪ್ಯೂಟರು ಸರಿ ಮಾಡಿಕೊಳ್ಳುತ್ತ ಚೆನ್ನಾಗಿಯೇ ಇದ್ದರು. ಆಮೇಲೆ ಪರ್ಲ್, ಪೈಥಾನ್ ಎಂಬ ಎರಡು ಕಂಪ್ಯೂಟರ್ ಭಾಷೆಗಳು ಬಂದವು. ಕಂಪ್ಯೂಟರಿಗೆ ಕೊಡುವ ಆಜ್ಞೆಗಳನ್ನು ಗುಂಪು ಮಾಡಿ ಬರೆಯಬೇಕಲ್ಲ, ಪರ್ಲ್‌ನಲ್ಲಿ ಆ ಗುಂಪಿನ ತಲೆಗೊಂದು ಬುಡಕ್ಕೊಂದು ಬ್ರಾಕೆಟ್ಟು ಬೇಕು. ಪೈಥಾನ್‌ನಲ್ಲಿ ಬ್ರಾಕೆಟ್ಟಿಲ್ಲ, ಸಾಲುಗಳನ್ನು ಅಂಚಿನಿಂದ ಸ್ವಲ್ಪ ಜಾಗ ಬಿಟ್ಟು ಒಳಗೆ ಸರಿಸಿ ಬರೆದರೆ ಸಾಕು. ಬಿಟ್ಟ ಜಾಗವೇ ಹೇಳುತ್ತದೆ, ಯಾವುದು ಯಾರಿಗೆ ಸೇರಿದ್ದು ಎಂದು. ಇಷ್ಟೇ ವಿಷಯ. ಇಷ್ಟಕ್ಕೆ ಕುಮಟೆಯವರು ಪರ್ಲ್ ಆದರು, ಭಟ್ಕಳದವರು ಪೈಥಾನ್ ಆದರು, ಬೆಂಚುಗಳು ಬೇರೆಯಾದವು. ಎರಡು ಸಾವಿರದ ಮೂರನೇ ಇಸವಿಯ ಹೊತ್ತಿಗೆ ಕುಮಟೆಯವರು ಚಹಾ ಕುಡಿಯುವ ಹೋಟೆಲಿಗೆ ಭಟ್ಕಳದವರು ಹೋಗುತ್ತಿರಲಿಲ್ಲ. ಹೊನ್ನಾವರದವರು ಎರಡೂ ಕಡೆ ಹೋಗಿ ಎರಡೆರಡು ಸಲ ಕುಡಿಯುತ್ತಿದ್ದರು. ತಿಂಗಳ ಉಳಿದ ದಿನಗಳಲ್ಲಿ ಜಗಳ ಮೇಲ್‌ನಲ್ಲಿ ನಡೆಯುತ್ತಿತ್ತು. ಒಬ್ಬ ಬರೆದದ್ದು ಎಲ್ಲರಿಗೂ ಹೋಗುತ್ತಿತ್ತು.

ಹೋದದ್ದು ವಾಪಸ್ಸು ಬರುತ್ತಿರಲಿಲ್ಲ. ಇಂಜಿನಿಯರಿಂಗ್ ವಿಷಯ ತನಗೆ ಗೊತ್ತಾದದ್ದಾದರೂ ಹೇಗೆ? ಎರಡು ವರ್ಷದ ಹಿಂದೆ ಹೊನ್ನಾವರದ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರ ಬಸ್ಸೂ ತಡವಾಗಿ, ಒಂದೇ ಬೆಂಚಿನಲ್ಲಿ ಕೂತಾಗ ರಮಾನಂದ ತಾನಾಗಿ ಹೇಳಿದ್ದ. ಮೂರನೇ ವರ್ಷದಲ್ಲಿದ್ದಾಗ ಅಪ್ಪ ಹಾಸಿಗೆ ಹಿಡಿದ, ಊರಿಗೆ ಬಂದವ ಮತ್ತೆ ಕಾಲೇಜಿಗೆ ಹೋಗಲಿಲ್ಲ, ಅಷ್ಟೆ. ಹೇಳಿ, "ಯಾರಿಗೂ ಹೇಳ್ಬೇಡಿ" ಎಂದೇನೂ ಅನ್ನಲಿಲ್ಲ. ಅನ್ನಬೇಕೆಂದು ಅವನಿಗೆ ತೋಚಿರಲಿಲ್ಲ. ಆಗ ಗುರುದತ್ತನಿಗೆ ಮನಸ್ಸು ಕರಗಿತ್ತು. ಕರಗಿದ್ದು ಸುಳ್ಳಲ್ಲ. ಆದರೆ ಅದೇ ಹೊತ್ತಿಗೆ ಮನಸ್ಸಿನ ಯಾವುದೋ ಮೂಲೆ ಆ ಮಾತನ್ನು ಎತ್ತಿಟ್ಟುಕೊಂಡಿರಬೇಕು, ಮುಂದೆ ಬೇಕಾದೀತು ಎಂದು.

ಹೊನ್ನಾವರದಲ್ಲಿ ಲಿಂಗಪ್ಪಮಾವ ಹತ್ತಿದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬಾಳೆಹಣ್ಣಿನ ಚೀಲ. ಆಯಿಯ ತಮ್ಮ, ನಾಲ್ಕಾರು ಮದುವೆ ಕೂಡಿಸಿದವ. "ಎಂತ ಮೋರೆ ಹಾಂಗೆ ಮಾಡ್ಕಂಡಿದ್ದೆ? ಹೆಣ್ಣು ಕೊಡೂಕೆ ಹೋಗ್ವವ ಸ್ವಲ್ಪ ನಗಾಡ್ತ ಇರ್ಬೇಕು," ಅಂದ. ಬಸ್ಸು ಶರಾವತಿಯ ಸೇತುವೆಗೆ ಹತ್ತಿತು. ಕೆಳಗೆ ನೀರು ಇಳಿತವೋ ಭರತವೋ ತಿಳಿಯದ ಹಾಗೆ ನಿಂತಿತ್ತು. ಒಂದು ದೋಣಿಯವನು ಹುಟ್ಟು ಎತ್ತಿ ಹಿಡಿದು ಸುಮ್ಮನೆ ಕೂತಿದ್ದ. ಗುರುದತ್ತ ತನ್ನ ಕ್ಷಮೆಯ ಮಾತನ್ನು ಕಟ್ಟತೊಡಗಿದ. ರಮಾನಂದರೇ, ನಿನ್ನೆ ನಾನು ಬರೆದದ್ದು. ಅಲ್ಲ, ನಿನ್ನೆ ನನ್ನಿಂದ ಒಂದು ಮಾತು. ಅದನ್ನೂ ಅವನು ತಿದ್ದುತ್ತಿದ್ದ. ಕಾಸರಕೋಡಿನ ಗಾಳಿಮರಗಳು ದಾಟುವ ಹೊತ್ತಿಗೆ ಕ್ಷಮೆ ಒಳ್ಳೆಯ ರೂಪಕ್ಕೆ ಬಂದಿತ್ತು. ಇದಕ್ಕೆ ರಮಾನಂದನಿಂದ ಉತ್ತರ ಬರಲು ಸಾಧ್ಯವಿಲ್ಲ ಎಂದು ಒಳಗೊಳಗೇ ಸಮಾಧಾನವೂ ಆಯಿತು.

ಭಟ್ಕಳದಲ್ಲಿ ಇಳಿದಾಗ ಲಿಂಗಪ್ಪಮಾವ ಎಲೆಯಡಿಕೆಗೆ ನಿಂತ. ಗುರುದತ್ತ ಎರಡು ಅಂಗಡಿ ಆಚೆಗಿದ್ದ ಸೈಬರ್ ಕೆಫೆಗೆ ನುಗ್ಗಿದ. ಗಲ್ಲಾಪೆಟ್ಟಿಗೆಯ ಹಿಂದೆ ಕೂತ ಯುವಕ ನವಾಯತಿ ಭಾಷೆಯಲ್ಲಿ ಫೋನಿಗೆ ಏನೋ ಹೇಳುತ್ತ, ಖಾಲಿ ಕುರ್ಚಿಯ ಕಡೆ ಗದ್ದ ಎತ್ತಿ ತೋರಿಸಿದ. ಮೇಲ್‌ಗಳು ಒಂದೊಂದಾಗಿ ತೆರೆದುಕೊಂಡವು. ಕುಮಟೆಯ ಸೋಮಯ್ಯ ಬರೆದಿದ್ದ: 'ಭೇಷ್.' ಇನ್ನೊಬ್ಬ: 'ಇದಕ್ಕೆ ಭಟ್ಕಳದಲ್ಲಿ ಉತ್ತರ ಇದ್ದರೆ ತೋರಿಸಲಿ.' ಹೊನ್ನಾವರದ ಹುಡುಗನೊಬ್ಬ ನಗುವ ಮುಖ ಹಾಕಿದ್ದ. ರಮಾನಂದನದು ಇರಲಿಲ್ಲ. ಓದಲಿಲ್ಲವೋ, ಓದಿ ಸುಮ್ಮನಾದನೋ? ಏನೂ ಬರೆಯದೆ ಬಿಟ್ಟದ್ದನ್ನು ಹೇಗೆ ಓದಬೇಕೆಂದು ಗುರುದತ್ತನಿಗೆ ತಿಳಿಯಲಿಲ್ಲ. 'ಭೇಷ್' ಓದಿದಾಗ ಒಳಗೆ ಒಂದು ಕ್ಷಣ ಬೆಚ್ಚಗಾದದ್ದನ್ನು ಮಾತ್ರ ಅವನು ಗಮನಿಸಿದ. ಗಮನಿಸಿ, ಹಣ ಕೊಟ್ಟು ಹೊರಗೆ ಬಂದ.

ಜಾಲಿಯ ಮನೆಯಲ್ಲಿ ರಮಾನಂದ ಗೇಟಿನವರೆಗೆ ಬಂದು ಕರೆದುಕೊಂಡು ಹೋದ. ತಲೆಗೆ ಸ್ನಾನ ಮಾಡಿದ್ದ, ಕೂದಲು ಇನ್ನೂ ಒದ್ದೆ. ಹೊಸ ಬನಿಯನ್ನಿನ ಬಿಳುಪು ಅಂಗಿಯ ಒಳಗಿನಿಂದ ಕಾಣುತ್ತಿತ್ತು. ಅವನ ತಾಯಿ ಚೌಡಮ್ಮ ನೀರು ಬೆಲ್ಲ ತಂದಿಟ್ಟಳು. ಫೋಟೋ ನೋಡಿ, "ಲಕ್ಷಣ ಅದೆ," ಎಂದು ಟೀಪಾಯಿಯ ಮೇಲೆ ಮಗನಿಗೆ ಕಾಣುವ ಹಾಗೆ ಇಟ್ಟು ಚಹಾ ತರಲು ಒಳಗೆ ಹೋದಳು. ಲಿಂಗಪ್ಪಮಾವ ಮೀನಿನ ಪೇಟೆಯ ಮಾತು ತೆಗೆದ. ಈ ಸಲ ಬಂಗಡೆ ಕಡಿಮೆ, ಐಸಿಗೆ ಗಿರಾಕಿ ಇಲ್ಲ. ರಮಾನಂದ ಎಲ್ಲದಕ್ಕೂ ಹೌದು ಹೌದು ಅನ್ನುತ್ತಿದ್ದ. ಗುರುದತ್ತನ ಕಡೆ ನೋಡಿದಾಗಲೆಲ್ಲ ಮುಗುಳ್ನಗುತ್ತಿದ್ದ. ಓದಿದವನ ನಗೆಯೇ ಇದು? ಓದದವನದೇ? ಓದಿಲ್ಲವಾದರೆ ಈಗ ಹೇಳಿ ತಾನೇ ಹಳ್ಳ ತೋಡಿಕೊಂಡಂತೆ. ಓದಿದ್ದರೆ, ಹೀಗೆ ನಗುತ್ತ ಬಾಳೆಹಣ್ಣು ಮುಂದೆ ದೂಡುವ ಈ ಮನುಷ್ಯನ ಎದುರು ಕೂತಿರುವುದು ಬೈಸಿಕೊಳ್ಳುವುದಕ್ಕಿಂತ ಕಷ್ಟವಾಗಿತ್ತು. ಗುರುದತ್ತ ಬಾಳೆಹಣ್ಣು ಸುಲಿದ. ತಿನ್ನಲಿಲ್ಲ. ಕೊನೆಗೆ ತಡೆಯಲಾರದೆ, "ಮೇಲ್ ನೋಡಿದ್ರಾ?" ಅಂದ.

"ನಿನ್ನೆದಾ? ಬೆಳಿಗ್ಗೆ ಓದಿದೆ."

"ಆ ಕೊನೆ ಮಾತು..."

"ಅದ್ರಲ್ಲಿ ಸುಳ್ಳೆಂತ ಇಲ್ಲ ಅಲ್ದಾ ಮಾಸ್ತರೇ," ಎಂದು ರಮಾನಂದ ಕೆಳದನಿಯಲ್ಲಿ ಹೇಳಿದ. "ಓದು ಮುಗೀಲಿಲ್ಲ, ಮದುವೆ ಆಗ್ಲಿಲ್ಲ. ಆದ್ರೆ ಎರಡನೇ ಪ್ಯಾರಾದಲ್ಲಿ ಟ್ಯಾಬ್ ವಿಷ್ಯ ಬರ್ದಿದ್ರಲ್ಲ, ಅದು ತಪ್ಪು. ಅದು ಓದಿ ಮಾತ್ರ ನಂಗೆ ಬೇಜಾರಾತು."

ಕ್ಷಮೆಯ ಮಾತು ಗುರುದತ್ತನ ಹಲ್ಲಿನವರೆಗೆ ಬಂದಿತ್ತು. ಸೇತುವೆಯಿಂದ ಇಲ್ಲಿಯವರೆಗೆ ತಿದ್ದಿ ತೀಡಿ ತಂದದ್ದು. ಅದನ್ನು ಹೇಳಿದ್ದರೆ ಎಲ್ಲವೂ ಮುಗಿಯುತ್ತಿತ್ತು. "ಎಂತ ತಪ್ಪು?" ಅಂದ.

ರಮಾನಂದ ಕುರ್ಚಿಯಲ್ಲಿ ಮುಂದೆ ಸರಿದ. ಅವನ ಮುಖದಲ್ಲಿ ಅಲ್ಲಿಯವರೆಗೆ ಇಲ್ಲದ ಜೀವ ಬಂತು. ತನ್ನ ಮುಖದಲ್ಲೂ ಬಂದಿರಬೇಕೆಂದು ಗುರುದತ್ತನಿಗೆ ಅನ್ನಿಸಿತು.

"ಜಾಗ ಬಿಟ್ರೆ ಸಾಕು ಮಾಸ್ತರೇ. ಎಲ್ಲಿ ಮುಗೀತು ಅಂತ ಅದೇ ಹೇಳ್ತದೆ."

"ಬಿಟ್ಟ ಜಾಗ ಕಣ್ಣಿಗೆ ಕಾಣ್ತದಾ? ಗಡಿ ಬೇಕು. ಇಲ್ಲಿಂದ ಇಲ್ಲೀವರೆಗೆ ಅಂತ ಎರಡೂ ಬದಿಗೆ ಗುರ್ತು ಹಾಕ್ಬೇಕು."

"ಎಷ್ಟು ಬಿಡೂದು ಅಂತ ಮೊದ್ಲೇ ಮಾತಾಡಿಕೊಂಡ್ರೆ ಗಡಿ ಎಂತಕ್ಕೆ? ಎಲ್ಲರೂ ನಾಲ್ಕೇ ಬಿಡೂದು."

"ಎಂಟು ಬಿಡುವವರೂ ಇದ್ದಾರೆ."

ಲಿಂಗಪ್ಪಮಾವ ಕೈಯಲ್ಲಿದ್ದ ನೀರಿನ ಲೋಟ ಕೆಳಗಿಟ್ಟ. "ಎಂಟಾ? ಗುರು, ಸ್ವಲ್ಪ ತಡಿ. ನಮ್ಮಲ್ಲಿ ಇರೂದೇ ಹನ್ನೊಂದು ಗುಂಟೆ. ಎಂಟು ಬಿಟ್ಟುಕೊಟ್ರೆ ನಿನ್ನ ಆಯಿ ಎಲ್ಲಿ ಇರೂದು?"

"ಜಾಗ ಯಾರು ಕೇಳಿದ್ರು?" ಎಂದು ಚೌಡಮ್ಮ ಬಾಗಿಲಿಗೆ ಬಂದಳು. "ರಮಾನಂದಾ, ನೀ ಜಾಗ ಕೇಳಿದ್ಯಾ? ಥೂ, ನಮ್ಮ ಮನೆತನದಲ್ಲಿ ಯಾರೂ ಹೆಣ್ಣಿನ ಕಡೆಯಿಂದ ಒಂದು ಅಂಗುಲ ತಕ್ಕಂಡವ್ರಲ್ಲ."

"ಇದು ಆ ಜಾಗ ಅಲ್ಲ ಆಯಿ."

"ಹಾಂಗಾರೆ ಯಾವ ಜಾಗ? ಹೈವೇ ಬದಿದಾ?" ಎಂದು ಲಿಂಗಪ್ಪಮಾವ ಕೇಳಿದ.

ಇಬ್ಬರೂ ಆಗಲೇ ವಾದಕ್ಕೆ ಮರಳಿದ್ದರು. ಟ್ಯಾಬ್ ಕೀಲಿ ಒತ್ತಿ ಬಿಟ್ಟ ಜಾಗವೂ ನಾಲ್ಕು ಸಲ ಸ್ಪೇಸ್ ಒತ್ತಿ ಬಿಟ್ಟ ಜಾಗವೂ ನೋಡಲು ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಹೀಗಿರುವಾಗ ಕಣ್ಣನ್ನು ನಂಬುವುದು ಹೇಗೆ ಎಂದು ಗುರುದತ್ತ ಕೇಳಿದ. ಬ್ರಾಕೆಟ್ಟು ಸರಿಯಾಗಿ ಹಾಕಿಯೂ ಸಾಲುಗಳನ್ನು ಅಡ್ಡಾದಿಡ್ಡಿ ಬರೆದವನ ಪ್ರೋಗ್ರಾಮನ್ನು ಯಾವ ಕಣ್ಣು ಓದುತ್ತದೆ ಎಂದು ರಮಾನಂದ ಕೇಳಿದ. ಬರೆದು ತೋರಿಸಿ, ಅಂದ. ಗುರುದತ್ತ ಮಾವನ ಜೇಬಿನಿಂದ ಪೆನ್ನು ಎಳೆದ. ಟೀಪಾಯಿಯ ಮೇಲೆ ಕೈಗೆ ಸಿಕ್ಕಿದ್ದನ್ನು ಬಿಳಿ ಬದಿ ಮೇಲೆ ಬರುವ ಹಾಗೆ ಮಗುಚಿ, ಒತ್ತಿ ಒತ್ತಿ ನಾಲ್ಕು ಸಾಲು ಬರೆದ, ಬ್ರಾಕೆಟ್ಟುಗಳನ್ನು ಎರಡು ಸಲ ತಿದ್ದಿದ. ರಮಾನಂದ ಪೆನ್ನು ಕಸಿದುಕೊಂಡು ಅದನ್ನೇ ಕೆಳಗೆ ತನ್ನ ರೀತಿಯಲ್ಲಿ ಬರೆದ. ಇಬ್ಬರ ತಲೆಗಳೂ ಒಂದಕ್ಕೊಂದು ತಾಗುವಷ್ಟು ಹತ್ತಿರವಿದ್ದವು. ಚೌಡಮ್ಮ ಕೇಳಿದಳು, "ಇದ್ರಿಂದ ನೀವು ಎಂತ ಮಾಡ್ತ್ರಿ?" ಇಬ್ಬರೂ ತಲೆ ಎತ್ತಿ ನೋಡಿದರು. ಆಮೇಲೆ ಮತ್ತೆ ಬಗ್ಗಿದರು. ಇಷ್ಟು ಸುಖವಾದ ಒಂದು ಗಂಟೆ ಗುರುದತ್ತನಿಗೆ ಇತ್ತೀಚಿನ ವರ್ಷಗಳಲ್ಲಿ ಸಿಕ್ಕಿರಲಿಲ್ಲ.

ಊಟಕ್ಕೆ ಕೂತಾಗ ವಿಷಯ ಜಮೀನಿನದಲ್ಲ ಎನ್ನುವುದು ಹಿರಿಯರಿಗೆ ಖಾತ್ರಿಯಾಗಿ ಎಲ್ಲರೂ ಹಗುರಾಗಿದ್ದರು. ಹೊರಡುವಾಗ ರಮಾನಂದ ಗೇಟಿನ ಹತ್ತಿರ ಗುರುದತ್ತನ ಕೈ ಹಿಡಿದುಕೊಂಡ. "ನಂದು ಒಪ್ಪಿಗೆ ಅದೆ ಅಂತ ನಿಮ್ಮ ಆಯಿ ಹತ್ರ ಹೇಳಿ. ನಿಮ್ಮ ಮನೆ ಅಂದ ಮೇಲೆ ಮತ್ತೆಂತ ಕೇಳೂದು?" ಅಂದ. ಬೆಳಿಗ್ಗೆ ಆ ಮೇಲ್ ಓದಿದವನ ಕೈ ಅದು. ಹಿಡಿತದಲ್ಲಿ ಯಾವ ಮುನಿಸೂ ಇರಲಿಲ್ಲ. ತಾನು ಕ್ಷಮೆ ಕೇಳಲೇ ಇಲ್ಲ ಎಂಬುದು ಗುರುದತ್ತನಿಗೆ ಹೊಳೆದದ್ದು ಆಟೋ ತಿರುವು ದಾಟಿದ ಮೇಲೆ.

ವಾಪಸ್ಸು ಬರುವ ಬಸ್ಸಿನಲ್ಲಿ ಮಾವ ಮಂಕಿ ಊರು ಬರುವವರೆಗೆ ತನ್ನ ಚಾತುರ್ಯವನ್ನು ಹೊಗಳಿಕೊಂಡು ನಿದ್ದೆ ಹೋದ. ಗುರುದತ್ತ ಜೇಬಿಗೆ ಕೈ ಹಾಕಿದ, ರಮಾನಂದ ಬರೆದ ಮೂರನೇ ಸಾಲಿನಲ್ಲಿ ಒಂದು ದೋಷ ಇದ್ದಂತೆ ಕಂಡಿತ್ತು, ಅದನ್ನು ಇನ್ನೊಮ್ಮೆ ನೋಡೋಣ ಎಂದು. ಸಾಲು ಸರಿಯಾಗಿಯೇ ಇತ್ತು. ಕಾಗದ ಮಗುಚಿದ. ಮಾಲತಿ ಸ್ಟುಡಿಯೋದ ನೀಲಿ ಪರದೆಯ ಮುಂದೆ, ಲ್ಯಾಬಿನಿಂದ ಊಟದ ಬಿಡುವಿನಲ್ಲಿ ಹೋಗಿ ನಿಂತವಳು, ಅವಸರದಲ್ಲಿ ಕುಂಕುಮ ಸ್ವಲ್ಪ ಓರೆಯಾಗಿತ್ತು. ಅವನು ಪೆನ್ನು ಒತ್ತಿದ ರಭಸಕ್ಕೆ ಅವಳ ಎಡಗೆನ್ನೆಯ ಮೇಲೆ ಒಂದು ಬ್ರಾಕೆಟ್ಟು ಉಬ್ಬಿ ಎದ್ದಿತ್ತು. ಹೆಬ್ಬೆರಳಿನಿಂದ ತಿಕ್ಕಿದ. ಹೋಗಲಿಲ್ಲ. ರಮಾನಂದ ಈ ಮುಖವನ್ನು ನೋಡಿದನೇ ಎಂದು ನೆನಪು ಮಾಡಿಕೊಳ್ಳಲು ಯತ್ನಿಸಿದ. ಚೌಡಮ್ಮ ಅದನ್ನು ಅಲ್ಲಿ ಇಟ್ಟದ್ದು ನೆನಪಿತ್ತು, ತಾನು ಮಗುಚಿದ್ದು ನೆನಪಿತ್ತು. ನಡುವೆ ಯಾರೂ ಅದನ್ನು ಕೈಗೆತ್ತಿಕೊಂಡದ್ದು ನೆನಪಿಗೆ ಬರಲಿಲ್ಲ. ಮಾವ ಹೊನ್ನಾವರದಲ್ಲಿ ಇಳಿಯುವಾಗ, "ಆತು, ಇನ್ನು ದಿನ ನೋಡೂದೇ ಬಾಕಿ," ಎಂದು ಹೆಗಲು ತಟ್ಟಿದ.

ಮನೆ ತಲುಪಿದಾಗ ಸಂಜೆಯ ಬಿಸಿಲು ಇನ್ನೂ ಅಂಗಳದಲ್ಲಿತ್ತು. ಒಪ್ಪಿಗೆಯ ಸುದ್ದಿ ಕೇಳಿ ಹೊನ್ನಮ್ಮ ದೇವರ ಮುಂದೆ ಕಾಯಿ ಇಡಲು ಎದ್ದಳು. ಮಾಲತಿ ಕೈ ಚಾಚಿ, "ಫೋಟೋ ಅಲ್ಲೇ ಕೊಟ್ಟು ಬಂದ್ಯಾ?" ಅಂದಳು. ಕೊಟ್ಟು ಬಂದೆ ಎನ್ನಬಹುದಿತ್ತು. ಅವನ ಕೈ ಜೇಬಿಗೆ ಹೋಗಿಯಾಗಿತ್ತು. ಅವಳು ಮುಂದಿನ ಬದಿ ನೋಡಿದಳು, ಕೆನ್ನೆಯ ಮೇಲೆ ಬೆರಳಾಡಿಸಿದಳು, ತಿರುಗಿಸಿ ಹಿಂದಿನ ಬದಿ ನೋಡಿದಳು. ಲ್ಯಾಬಿನಲ್ಲಿ ರಕ್ತ ಸವರಿದ ಗಾಜಿನ ತುಂಡನ್ನು ಹಿಡಿದು ನೋಡುವಾಗಲೂ ಅವಳು ಹೀಗೇ ಇರುತ್ತಾಳೆಂದು ಅವನಿಗೆ ಅನ್ನಿಸಿತು.

"ಇದು ಯಾರು ಬರ್ದದ್ದು?"

"ಮೇಲಿಂದು ನಾನು. ಕೆಳಗಿಂದು ಅಂವ."

"ನನ್ನ ವಿಷ್ಯ ಎಂತ ಕೇಳ್ದ?"

ಗುರುದತ್ತ ಪ್ರಾಮಾಣಿಕವಾಗಿ ಹುಡುಕಿದ. ಬೆಲ್ಲದಿಂದ ಹಿಡಿದು ಗೇಟಿನವರೆಗೆ ಹುಡುಕಿದ. "ಎಂತ ಕೇಳ್ಲಿಲ್ಲ."

"ನೀ ಎಂತ ಹೇಳ್ದೆ?"

ಗುರುದತ್ತ ಫೋಟೋಗಾಗಿ ಕೈ ಚಾಚಿದ, ಅವಳು ಕೊಡಲಿಲ್ಲ.

"ಅಂವ ಒಪ್ಪಿದ್ದು ನನ್ನನ್ನಲ್ಲ ಅಣ್ಣ, ನಿನ್ನ," ಎಂದು ಮಾಲತಿ ಹೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಹಬ್ಬಕ್ಕೆ ಹುಣ್ಣಿಮೆಗೆ ನೀವಿಬ್ಬರೂ ಹೀಂಗೇ ಕೂಕಂತ್ರಿ. ನಾ ಚಾ ಮಾಡಿ ಮಾಡಿ ತಂದು ಕೊಡ್ತ ಇರ್ಬೇಕು. ಇಲ್ಲಿ ನೀ ಎದ್ದು ಹೋಗೂದನ್ನು ಕಾದು ನನ್ನ ಕೋಣೆಗೆ ನಾ ಹೋಗ್ತೆ. ಅಲ್ಲಿ ಅಂವ ಏಳೂದನ್ನು ಕಾಯೂದು. ಇದಕ್ಕೆ ಅಷ್ಟು ದೂರ ಎಂತಕ್ಕೆ ಹೋಗೂದು?"

"ಎಂತ ಮಾತು ಇದು? ಮೂವತ್ತೊಂದಾತು ನಿಂಗೆ," ಎಂದು ಹೊನ್ನಮ್ಮ ಕಾಯಿ ಹಿಡಿದುಕೊಂಡೇ ಕೂಗಿದಳು.

"ಹೌದು ಆಯಿ, ಆತು," ಎಂದು ಮಾಲತಿ ಅವಳ ಕೈಯಿಂದ ಕಾಯಿ ತೆಗೆದು ಬದಿಗಿಟ್ಟಳು. ಆಮೇಲೆ ಅಣ್ಣನ ಕಡೆ ತಿರುಗಿ, "ನಂಬರ್ ಕೊಡು," ಅಂದಳು.

ಅವಳೇ ಫೋನು ಮಾಡಿದಳು. ಗುರುದತ್ತ ಕೋಣೆಯ ಬಾಗಿಲಲ್ಲಿ ನಿಂತಿದ್ದ. "ನಮಸ್ಕಾರ. ನಾನು ಮಾಲತಿ, ಕುಮಟೆಯಿಂದ," ಎಂದು ಅವಳು ಶುರು ಮಾಡಿದಳು. "ನಂಗೆ ಮನಸ್ಸಿಲ್ಲ ಅಂತ ಹೇಳೂಕೆ ಮಾಡಿದೆ... ಇಲ್ಲ, ಇಲ್ಲ, ಸಿಟ್ಟೆಂತ ಇಲ್ಲ. ನೀವು ಒಳ್ಳೆಯವರು ಅಂತ ಅಣ್ಣ ಹೇಳಿದ. ಇವತ್ತು ಇಡೀ ದಿನದಲ್ಲಿ ನೀವು ನನ್ನ ಹೆಸರೆಂತ ಅಂತ ಕೇಳಿದ್ರಾ?" ಆ ಕಡೆಯಿಂದ ಏನು ಬಂತೋ, ಅವಳು ತುಂಬ ಹೊತ್ತು ಕಿವಿಗೊಟ್ಟಳು. ಅವಳ ಮುಖ ಸ್ವಲ್ಪ ಮೆತ್ತಗಾಯಿತು. "ಇರ್ಲಿ, ಬಿಡಿ. ತಪ್ಪಾತು ಅಂತ ಹೇಳಿದ್ರಲ್ಲ, ಸಾಕು," ಅಂದಳು. ಮತ್ತೆ ಕೇಳಿಸಿಕೊಂಡು, ರಿಸೀವರನ್ನು ಅಣ್ಣನ ಕಡೆ ಚಾಚಿದಳು. "ನಿನ್ನ ಹತ್ರ ಮಾತಾಡ್ಬೇಕಂತೆ."

ಅವನು ಅದನ್ನು ಎರಡೂ ಕೈಯಿಂದ ಹಿಡಿದುಕೊಂಡ. ತಂಗಿ ಬೇಡವೆಂದದ್ದಕ್ಕೆ, ತಾನು ಬರೆದದ್ದಕ್ಕೆ, ಬರೆದದ್ದರ ಬಗ್ಗೆ ಏನೂ ಹೇಳದೆ ಬಂದದ್ದಕ್ಕೆ, ಎಲ್ಲಕ್ಕೂ ಸೇರಿ ಒಂದು ಮಾತು ಬೇಕಾಗಿತ್ತು. ಸಿಗಲಿಲ್ಲ. ಆ ಕಡೆಯಿಂದ ಚೌಡಮ್ಮ ಏನಾಯಿತೆಂದು ವಿಚಾರಿಸುವ ದನಿ ಕೇಳುತ್ತಿತ್ತು.

"ಅವ್ರು ಹೇಳಿದ್ದು ಸರಿ ಅದೆ," ಎಂದು ರಮಾನಂದ ಅಂದ. "ನಂಗೆ ನಾಚಿಕೆ ಆತು, ಮಾಸ್ತರೇ."

"ನಂಗೂ," ಎಂದು ಗುರುದತ್ತ ಹೇಳಿದ. "ನಿನ್ನೆ ಬರ್ದದ್ದಕ್ಕೂ."

"ಅದು ಬಿಡಿ." ರಮಾನಂದನ ದನಿ ಹೆದರಿದವನದಂತೆ ಸಣ್ಣಗಾಯಿತು. "ಮಾಸ್ತರೇ, ಇದು ಹೀಂಗಾತು ಅಂತ ನೀವು ಬರೂ ಭಾನುವಾರ ಹೊನ್ನಾವರಕ್ಕೆ..."

"ಬತ್ತೆ," ಎಂದು ಗುರುದತ್ತ ಅಂದ.

ಮಾಲತಿ ಹೊರಬಾಗಿಲಲ್ಲಿ ಚಪ್ಪಲಿಗೆ ಕಾಲು ತೂರಿಸುತ್ತಿದ್ದವಳು ತಿರುಗಿ ನೋಡಿದಳು, ಒಂದು ಸಲ ನಕ್ಕು ರಸ್ತೆಗೆ ಇಳಿದು ಹೋದಳು. ಇಷ್ಟು ಬೇಗ ಅವನು ಯಾರಿಗೂ, ಯಾವುದಕ್ಕೂ ಹೂಂ ಅಂದಿರಲಿಲ್ಲ.